ಫಾರಂ ನಂಬ್ರ ಎಪ್ಪತ್ತಮೂರು

ನೂರಿಪ್ಪತ್ತು ಫಾರಂ, ಒಂದಕ್ಕೆ ಮೂವತ್ತೈದು ರೂಪಾಯಿ,
ಬಸ್ಸಿನ ಖರ್ಚು ನನ್ನದೇ.
ಇವೇ ಪ್ರಶ್ನೆಗಳನ್ನು ಈ ತಿಂಗಳು
ಒಸಾಕಾದಲ್ಲಿ ಯಾರೋ ಕೇಳುತ್ತಿದ್ದಾರೆ, ಪೋರ್ಟೊದಲ್ಲಿ ಇನ್ಯಾರೋ.
ಮಂಗಳೂರಿಗೆ ನಾನು.

'ಮುಂದಿನ ಎರಡು ವಾರ
ವ್ಯಾಯಾಮ ಮಾಡುವ ಉದ್ದೇಶ ನನಗಿದೆ.'
ಒಂದು ಎಂದರೆ ಸ್ವಲ್ಪವೂ ಒಪ್ಪುವುದಿಲ್ಲ,
ಏಳು ಎಂದರೆ ಪೂರ್ತಿ ಒಪ್ಪುತ್ತೇನೆ,
ನಡುವೆ ಐದು ಖಾಲಿ ಸೊನ್ನೆ
ನೀರುದೋಸೆಯ ಕಣ್ಣಿನಷ್ಟು ಸಣ್ಣವು.

ಮೊದಲು ತುಳುವಿಗೆ ತಿರುಗಿಸಿದೆವು, ಮತ್ತೆ ಕನ್ನಡಕ್ಕೆ,
ಹೋದದ್ದು ಹಾಗೇ ಮರಳುತ್ತದೋ ನೋಡಲು.
ಉದ್ದೇಶ ಹೋಯಿತು, ಮನಸ್ಸು ಬಂತು.
ಕೊಂಕಣಿಯ ದಾರಿಯಲ್ಲಿ ಹೋದದ್ದು ಆಸೆಯಾಗಿ ಬಂತು.
ಪ್ರೊಫೆಸರರು ಕನ್ನಡಕ ತೆಗೆದು ಒರೆಸಿ
"ಸಾಕು, ಹೆಚ್ಚುಕಡಿಮೆ ಅದೇ" ಎಂದರು.
ಆ ಹೆಚ್ಚುಕಡಿಮೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ದಕ್ಕೆಯಲ್ಲಿ ಬೆಳಗ್ಗೆ ಆರಕ್ಕೆ
ಬಂಗುಡೆ ಬುಟ್ಟಿಯ ಎದುರು ನಿಂತಿದ್ದ ಜಲಜಕ್ಕ
ಪ್ರಶ್ನೆ ಮುಗಿಯುವ ಮೊದಲೇ, "ಇದಕ್ಕೊಂದು ಕೈ ಕೊಡು" ಅಂದರು.
ಕೊಟ್ಟೆ. ಫಾರಂ ಒದ್ದೆಯಾಯಿತು.
ಬುಟ್ಟಿ ತಲೆಗೇರಿದ ಮೇಲೆ ಕೇಳಿದರು:
"ಇದು ವ್ಯಾಯಾಮಕ್ಕೆ ಸೇರುತ್ತದಾ?"
ಸೂಚನೆಯ ಹಾಳೆ ತೆಗೆದು ನೋಡಿದೆ.
ಬಿಡುವಿನ ವೇಳೆಯದ್ದು ಮಾತ್ರ.
"ಹಾಗಾದರೆ ಬಿಡುವು ಉಂಟಾ ಅಂತ
ಮೊದಲು ಕೇಳಬೇಕಿತ್ತಲ್ಲ ಮಾರಾಯ್ತಿ."

ಬೀಡಿ ಬ್ರಾಂಚಿನ ಜಗಲಿಯಲ್ಲಿ
'ನನಗೆ ಮುಖ್ಯರಾದವರು
ನಾನು ವ್ಯಾಯಾಮ ಮಾಡಬೇಕೆಂದು ಬಯಸುತ್ತಾರೆ'
ಎಂದು ಗಟ್ಟಿಯಾಗಿ ಓದಿದೆ.
ಹನ್ನೊಂದು ಹೆಂಗಸರು ಒಟ್ಟಿಗೇ ನಕ್ಕರು.
ಒಬ್ಬಳ ಮಡಿಲಿಂದ ಎಲೆ ಜಾರಿ ಬಿತ್ತು.
ನಗುವಿಗೆ ಸೊನ್ನೆ ಇಟ್ಟಿರಲಿಲ್ಲ ಯಾರೂ.

ಜೆಪ್ಪುವಿನ ಸಿಪ್ರಿಯನ್ ಮೊಂತೇರೊ,
ಹೆಂಚಿನ ಕಾರ್ಖಾನೆಯ ಹಳೆಯ ಗುಮಾಸ್ತ, ಎಲ್ಲದಕ್ಕೂ ಏಳು.
ಹೊಸ ಬಿಳಿ ಶೂ ತಂದು ತೋರಿಸಿದರು.
ಒಳಗೆ ತುರುಕಿದ ಕಾಗದ ಇನ್ನೂ ಹಾಗೇ ಇತ್ತು.

ಉಳಿದವರದು ಒಂದೇ ಮಾತು: "ನೋಡುವ."
ಅದರಲ್ಲಿ ಹೌದು ಎಷ್ಟು, ಇಲ್ಲ ಎಷ್ಟು,
ದೇವರ ಪಾಲು ಎಷ್ಟು, ಮಳೆಯದ್ದೆಷ್ಟು,
ಈ ಊರಲ್ಲಿ ಹುಟ್ಟಿದವಳಿಗೆ ಸ್ವರ ಕೇಳಿದರೆ ತಿಳಿಯುತ್ತದೆ.
ಒಸಾಕಾದವರಿಗೆ ಹೇಗೆ ಕಳಿಸಲಿ, ಸ್ವರವನ್ನು?
ನಾಲ್ಕಕ್ಕೆ ಮಸಿ ಬಳಿದೆ.
ಮನೆ ಮನೆಗೂ ನಾಲ್ಕು.

ಎಪ್ಪತ್ತಮೂರು: ಉರ್ವದ ವಾರಿಜ ಸಾಲ್ಯಾನ್, ಐವತ್ತೆಂಟು ವರ್ಷ.
ಉದ್ದೇಶ, ಒಂದು.
ಒಳ್ಳೆಯದೆಂಬ ನಂಬಿಕೆ, ಒಂದು.
'ಬಯಸಿದರೆ ನನ್ನಿಂದ ಆಗುತ್ತದೆ'
ಸೀರೆ ಚೂರು ಎತ್ತಿ ಮಂಡಿಯ ಬಾವು ತೋರಿಸಿದರು. ಒಂದು.

ಎರಡು ವಾರ ಕಳೆದು ಮತ್ತೆ ಹೋದೆ.
ಎಷ್ಟು ದಿನ ನಡೆದಿರಿ?
"ಹದಿನಾಲ್ಕು."
ಪೆನ್ನು ನಿಂತಿತು.
"ವ್ಯಾಯಾಮ ಅಲ್ಲ ಅದು.
ಆಚೆಮನೆ ಝುಲೈಖಾಗೆ ಶುಗರ್, ನಡೆಯಲೇಬೇಕಂತೆ.
ನಾಯಿ ಕಂಡರೆ ಅವಳ ಜೀವ ಹೋಗುತ್ತದೆ.
ನನಗೆ ನಾಯಿಯ ಹೆದರಿಕೆ ಇಲ್ಲ."

ಝುಲೈಖಾರದು ಎಪ್ಪತ್ತನಾಲ್ಕು. ಉದ್ದೇಶ ಆರು, ನಡೆದದ್ದು ಹದಿನಾಲ್ಕು,
ಸಿದ್ಧಾಂತದ ಗೆರೆಯ ಮೇಲೆ
ಕಾಲು ಮಡಚಿ ಕೂತಿತು ಆ ಚುಕ್ಕೆ.
ವಾರಿಜಕ್ಕನ ಚುಕ್ಕೆ ಎಲ್ಲೋ ಮೂಲೆಯಲ್ಲಿ, ಒಂಟಿ.
ಪ್ರೊಫೆಸರರು ಕೆಂಪಿನಲ್ಲಿ ಸುತ್ತಿ ಬರೆದರು:
ದಾಖಲೆಯ ತಪ್ಪಿರಬೇಕು, ಪರಿಶೀಲಿಸಿ.

ಹೋದೆ, ಬೆಳಗ್ಗೆ ಐದೂವರೆಗೆ, ಮೈದಾನದ ಗೇಟಿನ ಬಳಿ.
ದೀಪದ ಕಂಬದ ಕೆಳಗೆ ಇಬ್ಬರು ಬಂದರು.
ಝುಲೈಖಾ ಮುಂದೆ, ಚುರುಕು.
ವಾರಿಜಕ್ಕ ಎರಡು ಹೆಜ್ಜೆ ಹಿಂದೆ, ಕುಂಟುತ್ತಾ,
ಕೈಯಲ್ಲಿ ಮುರಿದ ಕೊಡೆಯ ಕೋಲು,
ಅವರ ಹಿಂದೆ ಕಂದು ನಾಯಿಯೊಂದು, ಬಾಲ ಆಡಿಸಿಕೊಂಡು.
ಸೆರಗಿನ ಗಂಟು ಬಿಚ್ಚಿ ಅರ್ಧ ಬಿಸ್ಕಿಟು
ಸದ್ದಿಲ್ಲದೆ ನೆಲಕ್ಕೆ ಬಿಟ್ಟರು.
ನನ್ನನ್ನು ಕಂಡು
ತುಟಿಯ ಮೇಲೆ ಬೆರಳಿಟ್ಟರು.

ಪರಿಶೀಲಿಸಲಾಗಿದೆ, ತಪ್ಪಿಲ್ಲ,
ಎಂದು ಬರೆದು ಸಹಿ ಹಾಕಿದೆ.